ಅಕ್ಕನ ಕಾಯಿಲೆಯೂ ನನ್ನ ಅರೆಬರೆ ತಿಳಿವಳಿಕೆಯೂ

ಈ ಪುಟಗಳಿಗೆ ನಾನು ಹಿಂದೆ ಒಂದೆರಡು ಸಲ ಬರೆದದ್ದುಂಟು. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ವರ್ಷ ಕೆಡದ ಹಾಗೆ ಇಡುವುದು ಹೇಗೆ, ಮಳೆಗಾಲದಲ್ಲಿ ಹಪ್ಪಳಕ್ಕೆ ಬೂಷ್ಟು ಹಿಡಿಯದ ಹಾಗೆ ಏನು ಮಾಡಬೇಕು, ಇಂಥವು. ಈ ಸಲ ಬರೆಯುತ್ತಿರುವುದು ಅಡುಗೆಮನೆಯ ವಿಷಯವಲ್ಲ. ಬರೆಯಲೋ ಬೇಡವೋ ಅಂತ ಆರು ತಿಂಗಳು ಯೋಚಿಸಿದೆ. ಕೊನೆಗೆ ನಮ್ಮ ಅಕ್ಕನೇ, "ಬರಿ ಮಾರಾಯ್ತಿ, ನನ್ನ ಹೆಸರು ಮಾತ್ರ ಹಾಕಬೇಡ" ಅಂದಳು. ಅದಕ್ಕೇ ಧೈರ್ಯ ಮಾಡಿದ್ದೇನೆ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ. ನಮ್ಮನೆಯವರ ಅಣ್ಣನ ಹೆಂಡತಿ. ತಾಳಗುಪ್ಪದಿಂದ ಎರಡು ಮೈಲಿ ಒಳಗೆ, ತೋಟದ ದಂಡೆಯ ಮನೆಗೆ ನಾನು ಸೊಸೆಯಾಗಿ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ಎಸ್.ಎಸ್.ಎಲ್.ಸಿ. ಮುಗಿಸಿದ್ದೆ ಅಷ್ಟೆ. ಒಲೆಯ ಮುಂದೆ ಕೂತು ಅಳುತ್ತಿದ್ದವಳನ್ನು ಎಬ್ಬಿಸಿ ತೋಟ, ಕೊಟ್ಟಿಗೆ, ನೆಂಟರು, ನಡವಳಿಕೆ ಎಲ್ಲ ಕಲಿಸಿದವಳು ಅವಳೇ. ಆಮೇಲೆ ಇಪ್ಪತ್ತೈದು ವರ್ಷ ಒಂದೇ ಬಚ್ಚಲು, ಒಂದೇ ಅಡುಗೆಮನೆ. ನಮ್ಮಿಬ್ಬರ ನಡುವೆ ಮುಚ್ಚುಮರೆ ಅನ್ನುವುದು ಇರಲಿಲ್ಲ. ಹಾಗಂತ ನಾನು ಅಂದುಕೊಂಡಿದ್ದೆ.

2022ರ ಆಷಾಢದಲ್ಲಿ ಒಂದು ದಿನ ಅಕ್ಕ ಎಣ್ಣೆ ಸ್ನಾನಕ್ಕೆ ಕೂತಿದ್ದಳು. ನಾನು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಕಂಕುಳಿನ ಹತ್ತಿರ ಕೈ ಹೋದಾಗ ಅಕ್ಕ ಥಟ್ಟನೆ ಸರಿದಳು. "ಎಂತಾ ಆತು?" ಅಂದೆ. "ಏನಿಲ್ಲ, ಗಂಟಿನ ಹಾಗೆ ಏನೋ ಇದೆ. ನೋವಿಲ್ಲ. ಯಾರಿಗೂ ಹೇಳಬೇಡ" ಅಂದಳು. ನೋವಿಲ್ಲ ಅಂದಮೇಲೆ ಇನ್ನೇನು ಅಂತ ನಾನೂ ಸುಮ್ಮನಾದೆ. ನೋವಿಲ್ಲದ ಗಂಟೇ ಹೆಚ್ಚು ಎಚ್ಚರ ವಹಿಸಬೇಕಾದದ್ದು ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಶ್ರಾವಣ ಕಳೆಯಿತು, ಚೌತಿ ಕಳೆಯಿತು, ನವರಾತ್ರಿ ಕಳೆಯಿತು. ದೀಪಾವಳಿಯ ಹೊತ್ತಿಗೆ ಗಂಟು ದೊಡ್ಡ ನೆಲ್ಲಿಕಾಯಿಯಷ್ಟಾಗಿತ್ತು, ಮೇಲಿನ ಚರ್ಮ ಒಳಗೆ ಎಳೆದುಕೊಂಡ ಹಾಗೆ ಕಾಣುತ್ತಿತ್ತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಕಾಫಿ ಕೊಡುವಾಗ ಭಾವನವರ ಮುಂದೆ ಹೇಳಿಬಿಟ್ಟೆ. ಅಕ್ಕ ಎರಡು ದಿನ ನನ್ನ ಸಂಗಡ ಮಾತು ಬಿಟ್ಟಳು.

ನಾಲ್ಕು ತಿಂಗಳು! ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದು ನನ್ನ ಮೊದಲ ತಪ್ಪು. ಎರಡನೆಯದು ಮುಂದೆ ಬರುತ್ತದೆ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದೆವು. 1973ರಲ್ಲಿ ಶುರುವಾದ ಸರಕಾರಿ ಕ್ಯಾನ್ಸರ್ ಆಸ್ಪತ್ರೆ ಅದು. ನಮ್ಮ ಕಡೆಯವರಿಗೆ ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೆ ಅಲ್ಲಿ ಹೋಗಿ ನೋಡಿದರೆ ಬೀದರಿನವರು, ಚಾಮರಾಜನಗರದವರು, ನಮ್ಮ ಹಾಗೇ ಬುತ್ತಿ ಕಟ್ಟಿಕೊಂಡು ಬಂದವರು. ನಮಗೊಂದು ಅನುಕೂಲ, ರೈಲು ತಾಳಗುಪ್ಪದಿಂದಲೇ ಹೊರಡುತ್ತದೆ. ಮೊದಲು ಶಿವಮೊಗ್ಗಕ್ಕೆ ಹೋಗಲು ಪುಟ್ಟ ರೈಲುಬಸ್ಸು ಇತ್ತು. ಬ್ರಾಡ್‌ಗೇಜ್ ಆದ ಮೇಲೆ ರಾತ್ರಿ ಮೈಸೂರಿನ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ಆಪರೇಶನ್ ಆಯಿತು. ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ. ಪ್ರತಿ ಸಲ ರೈಲು ಹತ್ತುವಾಗಲೂ ಅಕ್ಕ ತೋಟದ ಕಡೆ ತಿರುಗಿ ನೋಡುತ್ತಿದ್ದಳು. ನಾನು ಮಾತ್ರ ಅತ್ತ ನೋಡದೆ ಚೀಲ ಎಣಿಸುತ್ತಿದ್ದೆ.

ಕೀಮೋಗೆ ಮೊದಲು ಪ್ರತಿ ಸಲ ರಕ್ತ ಪರೀಕ್ಷೆ. ಆ ಚೀಟಿಯಲ್ಲಿ ಪ್ಲೇಟ್‌ಲೆಟ್ ಅಂತ ಒಂದು ಸಾಲು. ನಮ್ಮ ಕಡೆಯ ಹೆಂಗಸರಿಗೆ ಈ ಶಬ್ದ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ನಮ್ಮ ಬೆನ್ನು ಬಿಟ್ಟಿಲ್ಲ. 2018ರ ಕೊನೆಯಲ್ಲಿ, 2019ರಲ್ಲಿ ನಮ್ಮದೇ ಸಾಗರ ತಾಲೂಕಿನ ಅರಲಗೋಡಿನ ಸುತ್ತ ಎಷ್ಟೋ ಮನೆಗಳಲ್ಲಿ ದೀಪ ಆರಿಹೋಯಿತು. ಉಣುಗು ಕಚ್ಚಿ ಜ್ವರ ಬಂದರೆ ಎಲ್ಲರೂ ಮೊದಲು ಕೇಳುತ್ತಿದ್ದದ್ದು "ಪ್ಲೇಟ್‌ಲೆಟ್ ಎಷ್ಟಿದೆ?" ಅಂತಲೇ. ಎಪ್ಪತ್ತು ಸಾವಿರ ಅಂದರೆ ಎದೆ ಹಿಡಿದುಕೊಳ್ಳುವುದು, ಒಂದೂವರೆ ಲಕ್ಷ ದಾಟಿತು ಅಂದರೆ ದೇವರಿಗೆ ತುಪ್ಪದ ದೀಪ. ಹಾಗಾಗಿ ಪ್ಲೇಟ್‌ಲೆಟ್ ಅಂದರೆ ನಮ್ಮ ಪಾಲಿಗೆ ಜೀವ ಕಾಯುವ ನೆಂಟ. ಹೆಚ್ಚಿದ್ದಷ್ಟೂ ಒಳ್ಳೆಯದು ಅಂತಲೇ ನಮ್ಮ ಲೆಕ್ಕ.

ಆ ಲೆಕ್ಕ ತಪ್ಪಿಸಿದವನು ಅಕ್ಕನ ಮಗ. ಸಾಗರದಲ್ಲಿ ಬಿ.ಎಸ್‌ಸಿ. ಓದುತ್ತಿದ್ದ. ಒಂದು ರಾತ್ರಿ ಅಡಿಕೆ ಸುಲಿಯುತ್ತಾ ಕೂತಿದ್ದಾಗ, "ಚಿಕ್ಕಮ್ಮ, ನಮ್ಮ ಪುಸ್ತಕದಲ್ಲಿ ಒಂದು ವಿಷಯ ಇದೆ. ಕ್ಯಾನ್ಸರ್ ಮೈಯಲ್ಲಿ ಹರಡುವುದಕ್ಕೆ ಪ್ಲೇಟ್‌ಲೆಟ್ಟೇ ಸಹಾಯ ಮಾಡುತ್ತಂತೆ. ಇಲಿಗಳಲ್ಲಿ ಪ್ಲೇಟ್‌ಲೆಟ್ ಕಡಿಮೆ ಮಾಡಿದರೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡುವುದು ಕಡಿಮೆಯಾಯಿತಂತೆ" ಅಂದ. ನನ್ನ ಕೈಯ ಕತ್ತಿ ನಿಂತಿತು. ಹೌದೇನೋ ಅಂತ ಎರಡು ಸಲ ಕೇಳಿದೆ. ಹೌದು ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ. ಅವನಿಗೆ ಗೊತ್ತಿದ್ದದ್ದೂ ಅಷ್ಟೇ, ಪಾಪ.

2023ರ ಜನವರಿ. ಮೂರನೆಯ ಕೀಮೋ ಆಗಿ ಹತ್ತು ದಿನ ಆಗಿತ್ತು. ಅಡಿಕೆ ಕೊಯ್ಲಿನ ಗಲಾಟೆ, ಮನೆ ತುಂಬ ಆಳುಕಾಳು. ಅಕ್ಕ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗಿದಾಗ ನೀರು ಕೆಂಪಗಿತ್ತು. ಮೊಣಕಾಲಿನ ಕೆಳಗೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆ. ನೋಡಿದವರೊಬ್ಬರು, "ಮಂಗನ ಕಾಯಿಲೆಯಾ?" ಅಂದರು. ಜ್ವರ ಇರಲಿಲ್ಲ. ಅಕ್ಕ ನನ್ನನ್ನು ಒಳಗೆ ಕರೆದು, "ಯಾರಿಗೂ ಹೇಳಬೇಡ. ಪ್ಲೇಟ್‌ಲೆಟ್ ಇಳಿದಿದೆ ಅಂದರೆ ಮುಂದಿನ ಕೀಮೋ ಮುಂದೆ ಹಾಕುತ್ತಾರೆ. ಒಂದು ಸಲ ಮುಗಿದರೆ ಸಾಕಾಗಿದೆ ನನಗೆ" ಅಂದಳು.

ನಾನು ಹೇಳಬೇಕಿತ್ತು. ಹೇಳಲಿಲ್ಲ. ಅಕ್ಕ ಬೇಡ ಅಂದಳು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಇವತ್ತಿನವರೆಗೂ ನಮ್ಮನೆಯವರಿಗೂ ಹೇಳಿರಲಿಲ್ಲ. ಮಗ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಪ್ಲೇಟ್‌ಲೆಟ್ ಕ್ಯಾನ್ಸರಿನ ಕಡೆಯವು ಅಂದಮೇಲೆ ಇಳಿದರೆ ಇಳಿಯಲಿ ಬಿಡು, ಒಳ್ಳೆಯದೇ ಆಯಿತು ಅಂತ ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡೆ! ಪಕ್ಕದ ಮನೆಯವರು ಪಪ್ಪಾಯಿ ಎಲೆಯ ರಸ ತಂದುಕೊಟ್ಟರೆ ಅದನ್ನೂ ಬಚ್ಚಲಿಗೆ ಚೆಲ್ಲಿದೆ.

ಎರಡನೆಯ ರಾತ್ರಿ ಅಕ್ಕನ ಮೂಗಿನಿಂದ ರಕ್ತ ಶುರುವಾಯಿತು. ಒದ್ದೆ ಬಟ್ಟೆ ಇಟ್ಟೆವು, ಮೂಗು ಒತ್ತಿ ಹಿಡಿದೆವು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಎರಡು ಟವೆಲು ತೊಯ್ದು ಹೋಯಿತು. ಭಾವನವರ ಕೈ ನಡುಗಿ ಜೀಪಿನ ಕೀಲಿ ಕೆಳಗೆ ಬಿತ್ತು. ಸಾಗರಕ್ಕೆ ಹದಿನೈದು ಕಿಲೋಮೀಟರು, ಅಲ್ಲಿಂದ ಶಿವಮೊಗ್ಗಕ್ಕೆ ಮತ್ತೆ ಎಪ್ಪತ್ತರ ಮೇಲೆ. ಸಾಗರದಲ್ಲಿ ಮೂಗಿಗೆ ಬತ್ತಿ ತುಂಬಿ ಕಳಿಸಿದರು. ಆ ರಸ್ತೆ ಅಷ್ಟು ಉದ್ದ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಅಕ್ಕನ ತಲೆ ನನ್ನ ತೊಡೆಯ ಮೇಲೆ. ಆನಂದಪುರ ದಾಟುವಾಗ ಅವಳು ಕಣ್ಣು ಬಿಟ್ಟು, "ನಿನ್ನ ಸೀರೆ ಹಾಳಾಯ್ತಲ್ಲೇ" ಅಂದಳು.

ಶಿವಮೊಗ್ಗದಲ್ಲಿ ನೋಡಿದಾಗ ಪ್ಲೇಟ್‌ಲೆಟ್ ಹನ್ನೊಂದು ಸಾವಿರ. ಇರಬೇಕಾದದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಒಂದು ಹನಿಗಿಂತಲೂ ಎಷ್ಟೋ ಚಿಕ್ಕದಾದ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಎಣಿಸುವ ಲೆಕ್ಕ ಇದು. ರಕ್ತನಿಧಿಯಿಂದ ಪ್ಲೇಟ್‌ಲೆಟ್ ತರಿಸಿ ಏರಿಸಿದರು. ಅದು ನೋಡಲು ರಕ್ತದ ಹಾಗೆ ಕೆಂಪಗಿರುವುದಿಲ್ಲ, ತಿಳಿ ಹಳದಿ. ಕೆಂಪು ರಕ್ತವನ್ನು ತಣ್ಣಗಿಟ್ಟು ವಾರಗಟ್ಟಲೆ ಇಡಬಹುದಂತೆ, ಪ್ಲೇಟ್‌ಲೆಟ್ ಮಾತ್ರ ಸಾಮಾನ್ಯ ಕೋಣೆಯ ಶಾಖದಲ್ಲಿ, ಸದಾ ಅಲುಗಾಡಿಸುತ್ತಾ, ಐದು ದಿನ ಇಡಬಹುದು ಅಷ್ಟೆ. ಯಾರೋ ಎರಡು ದಿನ ಮೊದಲು ರಕ್ತ ಕೊಟ್ಟಿದ್ದಕ್ಕೆ ನಮ್ಮ ಅಕ್ಕನಿಗೆ ಆ ರಾತ್ರಿ ಸಿಕ್ಕಿತು. ಅವರು ಯಾರೋ, ಯಾವ ಊರೋ. ಅಂದಿನಿಂದ ನಮ್ಮನೆಯವರೂ ಮಕ್ಕಳೂ ವರ್ಷಕ್ಕೆ ಎರಡು ಸಲ ತಪ್ಪದೆ ರಕ್ತ ಕೊಡುತ್ತಾರೆ.

ಬೆಳಿಗ್ಗೆ ಡ್ಯೂಟಿಗೆ ಬಂದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಬಾಯಲ್ಲಿ ರಕ್ತ ಯಾವಾಗಿಂದ ಬರ್ತಿತ್ತು?" ಅಂತ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಮಗ ಹೇಳಿದ್ದು, ನಾನು ಅಂದುಕೊಂಡಿದ್ದು, ಚೆಲ್ಲಿದ ರಸ, ಎಲ್ಲ. ಅವರು ಬೈಯಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕೂತರು. ಅವರು ಹೇಳಿದ್ದನ್ನು, ಆಮೇಲೆ ಬೆಂಗಳೂರಿನಲ್ಲಿ ಕೇಳಿ ತಿಳಿದದ್ದನ್ನು ಸೇರಿಸಿ, ನನಗೆ ಅರ್ಥವಾದ ಹಾಗೆ ಇಲ್ಲಿ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ನಾವು ಇದನ್ನು 'ಕಿರುತಟ್ಟೆ' ಅಂತ ಓದಿದ್ದೆವು. 1882ರಲ್ಲಿ ಇಟಲಿಯ ಬಿಜೊಜೆರೊ ಎಂಬ ವಿಜ್ಞಾನಿ ಇವುಗಳ ಕೆಲಸವನ್ನು ಗುರುತಿಸಿ ಹೆಸರು ಕೊಟ್ಟರಂತೆ. ಮೂಳೆಯೊಳಗಿನ ನೆಣದಲ್ಲಿ ದೊಡ್ಡ ದೊಡ್ಡ ಜೀವಕೋಶಗಳಿರುತ್ತವೆ. ಅವುಗಳಿಂದ ಚೂರು ಚೂರಾಗಿ ಕಳಚಿ ರಕ್ತಕ್ಕೆ ಬರುವುದೇ ಪ್ಲೇಟ್‌ಲೆಟ್. ಆಯುಸ್ಸು ಏಳರಿಂದ ಹತ್ತು ದಿನ. ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡರೆ ಮೊದಲು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುವವರು ಇವರೇ. ಮುಚ್ಚುವುದಷ್ಟೇ ಅಲ್ಲ, ತಮ್ಮ ಹೊಟ್ಟೆಯೊಳಗೆ ತುಂಬಿಟ್ಟುಕೊಂಡ ಪದಾರ್ಥಗಳನ್ನು ಅಲ್ಲಿ ಸುರಿಯುತ್ತಾರೆ. ಅದರಿಂದ ಹೊಸ ಚರ್ಮ, ಹೊಸ ರಕ್ತನಾಳ ಬೆಳೆದು ಗಾಯ ಮಾಯುತ್ತದೆ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಕೋಶಗಳನ್ನೆಲ್ಲ ಹೊಡೆಯುವುದರಿಂದ ಮೂಳೆಯ ನೆಣಕ್ಕೂ ಪೆಟ್ಟು. ಹತ್ತು ಹದಿನಾಲ್ಕು ದಿನದ ಹೊತ್ತಿಗೆ ಪ್ಲೇಟ್‌ಲೆಟ್ ಇಳಿದು ಆಮೇಲೆ ತಾನೇ ಏರುತ್ತದೆ. ಎಲ್ಲರಿಗೂ ನಮ್ಮ ಅಕ್ಕನಷ್ಟು ಇಳಿಯುವುದಿಲ್ಲ.

ಇನ್ನು ಮಗ ಹೇಳಿದ ಅರ್ಧ. ಎದೆಯ ಗಂಟಿನಿಂದ ಒಂದೊಂದು ಕ್ಯಾನ್ಸರ್ ಕೋಶ ಕಳಚಿಕೊಂಡು ರಕ್ತಕ್ಕೆ ಇಳಿಯುತ್ತದೆ. ಹಾಗೆ ಇಳಿದವುಗಳಲ್ಲಿ ಬಹಳಷ್ಟು ದಾರಿಯಲ್ಲೇ ಸಾಯುತ್ತವೆ. ರಕ್ತ ಹರಿಯುವ ರಭಸಕ್ಕೆ ಕೆಲವು, ಮೈಕಾಯುವ ಬಿಳಿಕಣಗಳ ಕೈಗೆ ಸಿಕ್ಕಿ ಕೆಲವು. ಆದರೆ ಈ ಕೋಶವನ್ನು ಕಂಡ ಪ್ಲೇಟ್‌ಲೆಟ್‌ಗಳು ಇದೂ ಒಂದು ಗಾಯವೇ ಅಂದುಕೊಂಡು ಬಂದು ಸುತ್ತ ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಗದ್ದೆಗೆ ಹೋಗುವವರು ಕಂಬಳಿಕೊಪ್ಪೆ ಹಾಕಿಕೊಂಡರೆ ಯಾರು ಯಾರೆಂದು ಗುರುತು ಸಿಗುತ್ತದೆಯೇ? ಹಾಗೆಯೇ ಇದೂ. ಪ್ಲೇಟ್‌ಲೆಟ್ಟಿನ ಕೊಪ್ಪೆ ಹೊದ್ದ ಕ್ಯಾನ್ಸರ್ ಕೋಶವನ್ನು ಕಾವಲಿನ ಬಿಳಿಕಣಗಳು ಗುರುತು ಹಿಡಿಯದೆ ಬಿಟ್ಟುಬಿಡುತ್ತವೆ. ರಕ್ತನಾಳದ ಗೋಡೆಗೆ ಅಂಟಿಕೊಳ್ಳಲು, ಗೋಡೆ ದಾಟಿ ಆಚೆ ಹೋಗಲು ಕೂಡ ಪ್ಲೇಟ್‌ಲೆಟ್ ಆಸರೆ. ಗಾಯ ಮಾಯಲಿ ಅಂತ ಸುರಿದ ಪದಾರ್ಥವನ್ನು ಉಂಡು ಕ್ಯಾನ್ಸರ್ ಹೊಸ ಜಾಗದಲ್ಲಿ ಬೇರು ಬಿಡುತ್ತದೆ. ಸ್ತನದ ಕ್ಯಾನ್ಸರ್ ಸಾಮಾನ್ಯವಾಗಿ ಮೂಳೆ, ಶ್ವಾಸಕೋಶ, ಯಕೃತ್ತು, ಮೆದುಳಿಗೆ ಹರಡುವುದು.

1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಎಂಬ ವೈದ್ಯರು ಕ್ಯಾನ್ಸರ್ ಗಂಟನ್ನು ಮಾಯದ ಗಾಯಕ್ಕೆ ಹೋಲಿಸಿದರಂತೆ. ಇಲಿಗಳ ಪ್ರಯೋಗ ಅದಕ್ಕೂ ಹಳೆಯದು, 1968ರಲ್ಲಿ ಗ್ಯಾಸಿಕ್ ಎಂಬುವರು ಮಾಡಿದ್ದು. ಅದಕ್ಕಿಂತ ಒಂದು ಶತಮಾನ ಹಿಂದೆ, 1865ರಲ್ಲಿ, ಫ್ರಾನ್ಸಿನ ಟ್ರೂಸೋ ಎಂಬ ವೈದ್ಯರು ಕ್ಯಾನ್ಸರ್ ಇದ್ದವರಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಗಮನಿಸಿ ಹೇಳಿದ್ದರು. ಎರಡು ವರ್ಷದ ಮೇಲೆ ಅವರಿಗೇ ಹೊಟ್ಟೆಯ ಕ್ಯಾನ್ಸರ್ ಬಂದು ತೀರಿಕೊಂಡರು ಅಂತ ಕೇಳಿ ನನಗೆ ಬಹಳ ಕೆಡುಕೆನಿಸಿತು.

ಡಾಕ್ಟರಮ್ಮ ಇಷ್ಟೆಲ್ಲ ಹೇಳಿ ಕೊನೆಗೆ ಕೇಳಿದರು: "ಅಮ್ಮಾ, ನಿಮ್ಮ ಮನೆ ಆಳು ಗೊತ್ತಿಲ್ಲದೆ ಕಳ್ಳನಿಗೆ ಬಾಗಿಲು ತೆಗೆದ ಅಂತ ಇಟ್ಟುಕೊಳ್ಳಿ. ಅದಕ್ಕೆ ಮನೆಯ ಆಳುಗಳನ್ನೆಲ್ಲ ಓಡಿಸಿಬಿಡ್ತೀರಾ? ಕೊಟ್ಟಿಗೆ, ತೋಟ ಯಾರು ನೋಡ್ತಾರೆ? ಇಲಿಯಲ್ಲಿ ಮಾಡಿದ್ದನ್ನು ಮನುಷ್ಯರಲ್ಲಿ ಮಾಡಿದರೆ ಕ್ಯಾನ್ಸರಿಗಿಂತ ಮೊದಲು ರಕ್ತಸ್ರಾವದಿಂದಲೇ ಹೋಗ್ತಾರೆ. ತಲೆಯೊಳಗೆ ರಕ್ತ ಸೋರಿದ್ದರೆ ನಾನೂ ಏನೂ ಮಾಡಲಾಗುತ್ತಿರಲಿಲ್ಲ. ಕಳಚಿಕೊಂಡ ಕೋಶಗಳನ್ನು ಹೊಡೆಯಲಿಕ್ಕೇ ಕೀಮೋ ಕೊಡುವುದು. ಅದನ್ನು ಅದರ ಕೆಲಸ ಮಾಡಲು ಬಿಡಿ. ಪ್ಲೇಟ್‌ಲೆಟ್ ಅದರ ಕೆಲಸ ಮಾಡಲಿ."

ನನಗೆ ಅಳು ಬಂತು. ಅಕ್ಕ ಮಲಗಿದ್ದಲ್ಲಿಂದಲೇ, "ಅವಳಿಗೆ ಎಂತದೂ ಹೇಳಬೇಡಿ ಡಾಕ್ಟ್ರೇ, ಬಾಯಿ ಮುಚ್ಚಿಕೋ ಅಂದವಳು ನಾನೇ" ಅಂದಳು.

ಮುಂದಿನ ಕೀಮೋ ಹತ್ತು ದಿನ ತಡವಾಯಿತು, ಔಷಧಿಯ ಪ್ರಮಾಣ ಸ್ವಲ್ಪ ಕಡಿಮೆ ಮಾಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಮೇ ತಿಂಗಳ ಹೊತ್ತಿಗೆ ಎಲ್ಲ ಮುಗಿಯಿತು. ಈಗ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಬೆಂಗಳೂರು. ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರು.

ನನ್ನ ಅರೆಬರೆ ತಿಳಿವಳಿಕೆ ಅಲ್ಲಿಗೇ ನಿಂತಿತು ಅಂದುಕೊಳ್ಳಬೇಡಿ! ಭಾವನವರು ಹೃದಯಕ್ಕೆ ಅಂತ ದಿನಾ ಒಂದು ಆಸ್ಪಿರಿನ್ ಮಾತ್ರೆ ನುಂಗುತ್ತಾರೆ. ಅದು ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟದ ಹಾಗೆ ಮಾಡುತ್ತದಂತೆ. ಹಾಗಾದರೆ ಅಕ್ಕನಿಗೂ ಅದನ್ನೇ ಕೊಟ್ಟರೆ ಕ್ಯಾನ್ಸರಿಗೆ ಕೊಪ್ಪೆ ಸಿಗುವುದಿಲ್ಲವಲ್ಲ ಅಂತ ನನಗೆ ಹೊಳೆಯಿತು. ಆದರೆ ಈ ಸಲ ಬುದ್ಧಿ ಬಂದಿತ್ತು. ಕೊಡುವ ಮೊದಲು ಕೇಳಿದೆ. ಬೆಂಗಳೂರಿನ ಡಾಕ್ಟರು ನಕ್ಕು, "ನೀವು ಕೇಳಿದ್ದನ್ನೇ ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿದ್ದಾರೆ" ಅಂದರು. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 3,020 ಜನರನ್ನು ಸೇರಿಸಿ, ಅರ್ಧ ಜನಕ್ಕೆ ದಿನಾ 300 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ನೋಡಲು ಹಾಗೇ ಇರುವ ಬರೀ ಮಾತ್ರೆ ಕೊಟ್ಟು ನೋಡಿದರಂತೆ. 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಸ್ಪಿರಿನ್ ನುಂಗಿದವರಿಗೆ ಕ್ಯಾನ್ಸರ್ ಮರಳಿ ಬರುವುದೇನೂ ಕಡಿಮೆಯಾಗಲಿಲ್ಲ. 2015ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಇಂಥದೇ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ನಮ್ಮ ದೇಶದ ರೋಗಿಗಳೂ ಸೇರಿದ್ದಾರೆ. "ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಹಾಗೇ ನಡೆಯುವುದಿಲ್ಲ. ಹೃದಯಕ್ಕೆ ಬೇಕಾದವರು ನುಂಗಲಿ, ಕ್ಯಾನ್ಸರಿಗೆ ಅಂತ ನೀವಾಗಿಯೇ ಕೊಡಬೇಡಿ. ಕೀಮೋ ನಡೆಯುವಾಗ ಕೊಟ್ಟಿದ್ದರೆ ರಕ್ತ ನಿಲ್ಲುವುದೇ ಕಷ್ಟವಾಗುತ್ತಿತ್ತು" ಅಂದರು. ಒಂದು ಸಲ ನುಂಗಿದ ಆಸ್ಪಿರಿನ್ನಿನ ಪರಿಣಾಮ ಆ ಪ್ಲೇಟ್‌ಲೆಟ್ ಸಾಯುವವರೆಗೂ ಹೋಗುವುದಿಲ್ಲವಂತೆ.

ಓದುವ ಸೋದರಿಯರಿಗೆ ನಾನು ಉಪದೇಶ ಮಾಡುವಷ್ಟು ದೊಡ್ಡವಳಲ್ಲ. ಕಷ್ಟಪಟ್ಟು ಕಲಿತ ನಾಲ್ಕು ಮಾತು ಹೇಳುತ್ತೇನೆ.

ರಕ್ತ ಪರೀಕ್ಷೆಯ ಚೀಟಿಯಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಹೆಚ್ಚು ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಂತ ಹೆದರಬೇಡಿ. ಮೈಯಲ್ಲಿ ಕಬ್ಬಿಣದಂಶ ಕಡಿಮೆಯಾದರೂ ಹಾಗಾಗುತ್ತದೆ, ನಮ್ಮಂಥ ಹೆಂಗಸರಿಗೆ ಅದು ಸಾಮಾನ್ಯ. ಡಾಕ್ಟರಿಗೆ ತೋರಿಸಿ, ಅವರು ನೋಡಿಕೊಳ್ಳುತ್ತಾರೆ.

ಕೀಮೋ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಮೆತ್ತಗಿನ ಬ್ರಶ್ ಕೊಡಿ, ಈಳಿಗೆ, ಕತ್ತಿ ಮುಟ್ಟಲು ಬಿಡಬೇಡಿ. ವಸಡಿನಲ್ಲಿ ರಕ್ತ, ಮೈಮೇಲೆ ಕೆಂಪು ಚುಕ್ಕೆ, ಕಾರಣವಿಲ್ಲದೆ ಕಪ್ಪುಗಟ್ಟಿದ ಕಲೆ, ಕಪ್ಪು ಮಲ, ಜೋರು ತಲೆನೋವು ಕಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಜ್ವರ ಬಂದರೂ ಅಷ್ಟೆ. ನೋವಿನ ಮಾತ್ರೆ, ಎಲೆಯ ರಸ, ಕಷಾಯ ಏನೇ ಕೊಡುವುದಿದ್ದರೂ ಕೇಳಿಯೇ ಕೊಡಿ. ನಾನು ರಸ ಚೆಲ್ಲಿದ್ದು ತಪ್ಪು ತಿಳಿವಳಿಕೆಯಿಂದ. ಆದರೆ ಅದನ್ನೇ ನಂಬಿಕೊಂಡು ಕೂತಿದ್ದರೂ ಇನ್ನೊಂದು ತಪ್ಪೇ ಆಗುತ್ತಿತ್ತು.

ಒಂದೇ ಕಾಲು ಊದಿಕೊಂಡು ಬಿಗಿದು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದ ಹಾಗಾದರೆ, ಆಯಾಸ ಅಂತ ಬಿಡಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅಕ್ಕನಿಗೆ ರೈಲಿನಲ್ಲಿ ಒಂದೇ ಕಡೆ ಕೂರಬೇಡಿ, ಎದ್ದು ಓಡಾಡಿ ಅಂತ ಹೇಳಿದ್ದಕ್ಕೆ ಕಾರಣ ಅದು.

ಎಲ್ಲಕ್ಕಿಂತ ಮೊದಲನೆಯದು, ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ಕೈಯಾಡಿಸಿ ನೋಡಿಕೊಳ್ಳಿ. ಗಂಟು, ಚರ್ಮ ಒಳಗೆ ಎಳೆದದ್ದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ, ಏನು ಕಂಡರೂ ನಾಚಿಕೆ ಬಿಟ್ಟು ಹೇಳಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಅಂತ ಹೇಳಬೇಕಾದವರು ನಾವಲ್ಲ. ಇನ್ನೊಬ್ಬರು ನಿಮ್ಮ ಹತ್ತಿರ "ಯಾರಿಗೂ ಹೇಳಬೇಡ" ಅಂದರೆ, ಎರಡು ದಿನ ಮಾತು ಬಿಟ್ಟರೂ ಬಿಡಲಿ, ಹೇಳಿಬಿಡಿ. ನಮ್ಮ ಅಕ್ಕ ಎರಡು ದಿನ ಬಿಟ್ಟಳು. ಮೂರನೆಯ ದಿನ ಅವಳೇ ಬಂದು, "ತಂಬುಳಿಗೆ ಒಂದೆಲಗ ಕೊಯ್ದು ತಾ" ಅಂದಳು.

ಬರೆದದ್ದನ್ನು ನಿನ್ನೆ ರಾತ್ರಿ ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಎಲ್ಲ ಸರಿ, ಆಷಾಢದಲ್ಲೇ ಹೇಳಿದ್ದರೆ ಇಷ್ಟು ಕೀಮೋ ಬೇಕಾಗ್ತಿರಲಿಲ್ಲವೇನೋ ಅಂತಲೂ ಬರಿ. ಅದನ್ನು ಬರೆಯದೆ ಬಿಡಬೇಡ" ಅಂದಳು. ಬರೆದಿದ್ದೇನೆ.